ಹತ್ತದೆ ಉಳಿದವರ ಲೆಕ್ಕ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಮಾನ್ಯ ಸಭಾಪಾಲಕರೇ, ವೇದಿಕೆಯ ಮೇಲಿರುವ ಸಭೆಯ ಹಿರಿಯರೇ, ಕಾರ್ಯದರ್ಶಿಗಳೇ, ಗಾಯನ ತಂಡದ ಸಹೋದರ ಸಹೋದರಿಯರೇ, ಮತ್ತು ಎಂದಿನಂತೆ ಮುಂದಿನ ಬೆಂಚುಗಳನ್ನು ಖಾಲಿ ಬಿಟ್ಟು ಹಿಂದೆ ಒತ್ತಿಕೊಂಡು ಕುಳಿತಿರುವ ನನ್ನ ಪ್ರೀತಿಯ ಸಭಿಕರೇ,

ಮುಂದೆ ನಡೀರಿ, ಮುಂದೆ ಜಾಗ ಇದೆ.

ಕ್ಷಮಿಸಬೇಕು. ಬಸ್ ಕಂಡಕ್ಟರ್ ಆಗಿ ಆಯುಷ್ಯ ಸವೆಸಿದವನ ಬಾಯಿಗೆ ಮೊದಲು ಬರುವುದು ಇದೇ ಮಾತು. ಈ ಚರ್ಚಿನ ಬಾಗಿಲಲ್ಲಿ ನಿಂತು ಇಷ್ಟು ವರ್ಷ ಹಾಜರಿ ಬರೆದಿದ್ದಕ್ಕೆ ಇವತ್ತು ನನ್ನನ್ನು ಕರೆದು ಸನ್ಮಾನಿಸಿದ್ದೀರಿ. ಕಾರ್ಯದರ್ಶಿಗಳು ನನ್ನನ್ನು ಎಷ್ಟು ಹೊಗಳಿದರೆಂದರೆ, ಇದು ಯಾರ ಬಗ್ಗೆ ಎಂದು ನಾನೇ ಒಮ್ಮೆ ಹಿಂದೆ ತಿರುಗಿ ನೋಡಿದೆ. ಒಂದು ಗೋಡೆ ಗಡಿಯಾರವನ್ನೂ ಕೊಟ್ಟಿದ್ದೀರಿ. ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಬೇಕಾಗಿಲ್ಲದ ಕಾಲದಲ್ಲಿ ಗಡಿಯಾರ ಸಿಕ್ಕಿದೆ. ಇರಲಿ, ಸಂತೋಷ.

ಮುಂದಿನ ಭಾನುವಾರದಿಂದ ಬಾಗಿಲಲ್ಲಿ ಎಣಿಸುವ ಯಂತ್ರ ಬರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಒಂದು ತಲೆ. ಟಿಕೆಟ್ ಯಂತ್ರ ತಿರುಗಿಸಿದವನು ನಾನು, ಯಂತ್ರದ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಹಾಜರಿ ಯಾಕೆ ಬೇಕು? ಲೆಕ್ಕಕ್ಕೋ? ವರದಿಗೋ? ಈ ಪ್ರಶ್ನೆಯಲ್ಲಿ ನಾನು ಮೊದಲ ದಿನವೇ ನಪಾಸಾಗಿದ್ದೆ.

ಆಗಿದ್ದ ಪಾಸ್ಟರು "ನಿಮಗೆ ತಲೆ ಎಣಿಸಿ ಅಭ್ಯಾಸ ಇದೆ, ಇದನ್ನ ನೀವೇ ನೋಡ್ಕೊಳ್ಳಿ" ಎಂದು ಕೆಲಸ ಹಚ್ಚಿದರು. ಆರಾಧನೆ ಮುಗಿಯುವಷ್ಟರಲ್ಲಿ ಎದೆಯುಬ್ಬಿಸಿಕೊಂಡು ಹೋಗಿ ಚೀಟಿ ಕೊಟ್ಟೆ. ಅದರಲ್ಲಿ ನೂರ ಹನ್ನೆರಡೂವರೆ ಎಂದಿತ್ತು.

"ಈ ಅರ್ಧ ಯಾರಪ್ಪಾ?" ಎಂದರು.

"ಮಕ್ಕಳಿಗೆಲ್ಲ ಅರ್ಧ ಹಿಡ್ದಿದೀನಿ ಪಾಸ್ಟರ್."

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಲ್ಲಿ ಅರ್ಧ ಟಿಕೆಟ್ ಇಲ್ಲ ಎಂದರು. ಆಮೇಲೆ ನಗು ನಿಲ್ಲಿಸಿ, "ಸರಿ, ಬರದೇ ಇದ್ದೋರು ಯಾರು?" ಎಂದು ಕೇಳಿದರು.

ಚೀಟಿ ತಿರುಗಿಸಿ ನೋಡಿದೆ, ಹಿಂದೆ ಏನೂ ಬರೆದಿರಲಿಲ್ಲ. ಬಸ್ಸಿನಲ್ಲಿ ಹತ್ತಿದವರನ್ನು ಎಣಿಸುತ್ತೇವೆ. ಹತ್ತದೆ ನಿಲ್ದಾಣದಲ್ಲೇ ಉಳಿದವರನ್ನು ಯಾವ ಕಂಡಕ್ಟರ್ ಎಣಿಸಿದ್ದಾನೆ? ರೈಟ್ ಎಂದರೆ ಮುಗಿಯಿತು, ಬಸ್ಸು ಹೊರಟಿತು.

ಅವತ್ತಿನಿಂದ ತಲೆ ಬಿಟ್ಟು ಹೆಸರು ಬರೆಯಲು ಶುರುಮಾಡಿದೆ. ಸತತ ಎರಡು ಭಾನುವಾರ ಒಬ್ಬರು ಕಾಣದಿದ್ದರೆ ಅವರ ಮನೆಗೆ ಹೋಗಬೇಕು. ಪಾಸ್ಟರು ಒಂದು ಷರತ್ತು ಹಾಕಿದ್ದರು. ಯಾಕೆ ಬರಲಿಲ್ಲ ಎಂದು ಕೇಳಕೂಡದು. "ನಿಮ್ಮ ಜಾಗ ಹಾಗೇ ಇದೆ" ಎಂದಷ್ಟೇ ಹೇಳಬೇಕು, ಅವರು ಕೊಟ್ಟದ್ದನ್ನು ಕುಡಿದು ಎದ್ದು ಬರಬೇಕು.

ನಮ್ಮ ಗಡಿಯಾರ ರಿಪೇರಿಯವರನ್ನೇ ನೋಡಿ. ಎರಡು ವಾರ ಕಾಣಲಿಲ್ಲವೆಂದು ಹೋದೆ. ಜಾಗ ಹಾಗೇ ಇದೆ ಎಂದೆ, ಅವರು ಸುಮ್ಮನಿದ್ದರು. ಗಟ್ಟಿಯಾಗಿ ಹೇಳಿದೆ, ಆಗಲೂ ಸುಮ್ಮನಿದ್ದರು. ಕೊನೆಗೆ ಅವರ ಸೊಸೆ ಸನ್ನೆ ಮಾಡಿ ಒಳಗೆ ಕರೆದು ತಿಳಿಸಿದರು, ಕಿವಿ ಮಂದವಾಗಿದೆ, ನಾಚಿಕೆಯಿಂದ ಯಾರಿಗೂ ಹೇಳಿಲ್ಲ ಎಂದು. ಅವರನ್ನು ಕರೆತಂದು ಮುಂದಿನ ಬೆಂಚಿನಲ್ಲಿ, ಸ್ಪೀಕರಿನ ಪಕ್ಕದಲ್ಲೇ ಕೂರಿಸಿದೆವು. ಈಗ ಸಭಾಪಾಲಕರ ಪ್ರಸಂಗವೆಲ್ಲ ಕೇಳಿಸುತ್ತದೆ, ಕೇಳಿಸದಿದ್ದಾಗಲೇ ಚೆನ್ನಾಗಿತ್ತು ಎನ್ನುತ್ತಾರೆ. ಸಭಾಪಾಲಕರು ನಗುತ್ತಿದ್ದಾರೆ, ನಾನು ಬಚಾವಾದೆ.

ಈಗ ಒಂದು ಮಾತು. ವರ್ಷವಿಡೀ ಬಾರದವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂಬ ಸೂಚನೆ ಸಮಿತಿಯ ಮುಂದಿದೆ. ಕಾರ್ಯದರ್ಶಿಗಳ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಹಾಗೆ ತೆಗೆಯಬೇಕಾದ ಹೆಸರುಗಳಲ್ಲಿ ಮೊದಲನೆಯದು ಯಾರದೆಂದು ನಿಮ್ಮಲ್ಲಿ ಹಲವರಿಗೆ ಗೊತ್ತು. ಮರ್ಯಾದೆಗೆ ಸುಮ್ಮನಿದ್ದೀರಿ. ಅದು ನಮ್ಮ ಮನೆಯವಳದು.

ಇದನ್ನು ಹೇಳಬೇಕೆಂದು ಬಂದವನಲ್ಲ ನಾನು. ಬಾಯಿಗೆ ಬಂದಿದೆ, ಹೇಳಿಬಿಡುತ್ತೇನೆ.

ಮೂರನೇ ಬೆಂಚು, ಕಿಟಕಿ ಪಕ್ಕ, ಅದು ಅವಳ ಜಾಗ. ಮಗಳು ಜೊತೆಗೆ ಕೂರುತ್ತಿದ್ದಳು. ಮಗಳ ಮದುವೆಯಾಯಿತು, ಬೇರೆ ಊರಿಗೆ ಹೋದಳು. ಆಮೇಲೂ ಇವಳು ಬರುತ್ತಿದ್ದಳು. ಪಕ್ಕದಲ್ಲಿ ತನ್ನ ಬ್ಯಾಗು ಇಟ್ಟುಕೊಂಡು ಕೂರುತ್ತಿದ್ದಳು. ತಡವಾಗಿ ಬಂದವರು ನಿಂತಿದ್ದರೆ ನಾನು ಬಾಗಿಲಿಂದ ನಡೆದು ಹೋಗಿ ಅವಳ ಕಿವಿಯಲ್ಲಿ ಹೇಳುತ್ತಿದ್ದೆ, "ಬ್ಯಾಗ್ ತೆಗಿ, ಜನ ನಿಂತಿದಾರೆ." ತೆಗೆಯುತ್ತಿದ್ದಳು. ಒಂದು ಭಾನುವಾರ ಮಂಡಿನೋವು ಎಂದು ಮನೆಯಲ್ಲೇ ಉಳಿದಳು. ಮಂಡಿನೋವು ಹೋಯಿತು, ಅವಳು ಬರಲಿಲ್ಲ.

ಊರವರ ಮನೆಗೆಲ್ಲ ಹೋಗುವವನು ನನ್ನ ಮನೆಗೆ ಹೇಗೆ ಹೋಗಲಿ? ಒಂದು ದಿನ ಕೀಲಿ ಜೇಬಲ್ಲಿ ಇಟ್ಟುಕೊಂಡೇ ಗಂಟೆ ಒತ್ತಿದೆ.

ಬಾಗಿಲು ತೆಗೆದು "ಏನ್ರೀ, ಕೀಲಿ ಮರೆತ್ರಾ?" ಎಂದಳು.

"ಇಲ್ಲ. ಚರ್ಚಿಂದ ಬಂದಿದೀನಿ. ನಿಮ್ಮ ಜಾಗ ಹಾಗೇ ಇದೆ" ಎಂದೆ.

ಅವಳು ನಗಲಿಲ್ಲ. ಅತಿಥಿಯಂತೆ ನನ್ನನ್ನು ಕೂರಿಸಿ ಚಹಾ ಮಾಡಿದಳು. ಲೋಟ ಮುಂದಿಡುವಾಗ ಮೆಲ್ಲಗೆ ಹೇಳಿದಳು, "ನಿಮ್ಮ ಜಾಗಾನೂ ಹಾಗೇ ಇತ್ತು ಕಣ್ರೀ."

ತಮಾಷೆ ಎಂದುಕೊಂಡು ಚಹಾ ಕುಡಿದೆ. ಮೊನ್ನೆ ಈ ಭಾಷಣ ಬರೆಯಲು ಕುಳಿತಾಗ ಅದು ತಮಾಷೆಯಲ್ಲ ಎಂದು ಹೊಳೆಯಿತು. ಬಾಗಿಲಲ್ಲಿ ನಿಂತವನಿಗೆ ಎಲ್ಲರ ಬೆನ್ನೂ ಕಾಣುತ್ತದೆ, ಅವಳ ಬೆನ್ನೂ ಕಾಣುತ್ತಿತ್ತು. ಪಕ್ಕದ ಬ್ಯಾಗು ಯಾರಿಗೆ ಜಾಗ ಹಿಡಿದಿತ್ತೆಂದು ಮಾತ್ರ ಕಂಡಿರಲಿಲ್ಲ. ತುಂಬಾ ಸಂಕಟವಾಯಿತು.

ಆದ್ದರಿಂದ ಸಮಿತಿಯಲ್ಲಿ ನನ್ನ ವಿನಂತಿ. ತಲೆಯನ್ನು ಯಂತ್ರ ಎಣಿಸಲಿ, ಹೆಸರನ್ನು ಒಬ್ಬ ಮನುಷ್ಯ ಬರೆಯಲಿ. ಬಾರದವರ ಹೆಸರು ಇರಲಿ. ಯಾರ ಮನೆಯ ಗಂಟೆ ಒತ್ತಬೇಕೆಂದು ಗೊತ್ತಾಗುವುದು ಅದರಿಂದಲೇ.

ಇಂದಿಗೆ ನನ್ನ ಬಾಗಿಲ ಕೆಲಸ ಮುಗಿಯಿತು. ಸಂಜೆ ಹೊರಡುವಾಗ ಅವಳಿಗೆ ಅದನ್ನು ಹೇಳಿದೆ. ಅಂಗಿಯ ಕಾಲರು ಸರಿಮಾಡಿ, "ಹೋಗಿ ಬನ್ನಿ, ನೋಡೋಣ" ಎಂದಳು. ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಮುಂದಿನ ಭಾನುವಾರ ಮೂರನೇ ಬೆಂಚಿನಲ್ಲಿ ನಾನು ಕುಳಿತಿರುತ್ತೇನೆ, ಕಿಟಕಿ ಪಕ್ಕದ ಜಾಗದಲ್ಲಿ ಒಂದು ಬ್ಯಾಗು ಇರುತ್ತದೆ. ಬಾಗಿಲಲ್ಲಿ ನಿಲ್ಲುವವರು ಯಾರೇ ಆಗಲಿ, ಎಷ್ಟೇ ಜನ ನಿಂತಿರಲಿ, ದಯವಿಟ್ಟು ಅದನ್ನು ತೆಗೆಯಲು ಹೇಳಬೇಡಿ.

ಇಷ್ಟು ಹೊತ್ತು ಎದ್ದುಹೋಗದೆ ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.