ದಿಡ್ಡಿ ಬಾಗಲದ ಕೀಲಿ

...ಹೌದವಾ ನೇತ್ರಾ, ಇದ ಆ ದಿಡ್ಡಿ ಬಾಗಲಾ. ತಲಿ ಬಗ್ಗಿಸಿ ಬಾ. ದಂಡಿನ ಮಂದಿ ಬಂದ್ರ ಒಬ್ಬೊಬ್ಬನ ಕುತ್ತಿಗಿ ಚಾಚಿ ಬರಬೇಕಂತ ಹಿಂಗ ಸಣ್ಣದ ಕಟ್ಯಾರ. ಹೊರಗ ದಾರಿ ತಿರುವಿತ್ತಲ್ಲ, ಅದು ಆನಿ ಓಡಿಬಂದು ಗುದ್ದಬಾರದಂತ.

ಯಾಕ, ಅದನ್ನ ಕೇಳಾಕ ಬಂದಿಲ್ಲೇನು?

ಹೇಳತೇನಿ. ಆ ವರ್ಷ ಹೊಳಿ ಊರಾಗ ಹೊಕ್ಕಾಗ ನೀ ಕೌಜಲಗ್ಯಾಗ, ಗಂಡನ ಮನ್ಯಾಗ ಇದ್ದಿ. ಅರವತ್ತು ಮಂದಿ ಈ ಕ್ವಾಟ್ಯಾಗ ಸೇರಿದ್ವಿ. ಕಾಯಾಂವ ನಾನ, ಕೀಲಿ ನನ್ನ ಕಡೆ. ದೊಡ್ಡ ಬಾಗಲಕ್ಕ ಮಣ್ಣಿನ ಚೀಲ ಒಟ್ಟಿದ್ವಿ, ಈ ದಿಡ್ಡಿ ಒಂದ ಉಳದಿತ್ತು. ನಿಮ್ಮವ್ವ ಪಾರವ್ವ ನಮ್ಮ ಜೋಡಿನ ಬಂದಾಕಿ, ಆಡು ಈದೈತಿ ಅಂತ ತಿರಗಿ ಹ್ವಾದ್ಲು. ಬ್ಯಾಡ ಅಂದೆ, ಕೇಳಲಿಲ್ಲ. ಮತ್ತ ಬರಲೇ ಇಲ್ಲ... ಪೊಲೀಸರಿಗೂ ಇದನ್ನ ಹೇಳೇನಿ.

ಕೂಗಿದ್ರ? ಕೂಗಿದ್ರೂ ಕೇಳತಿರಲಿಲ್ಲವಾ. ಗ್ವಾಡಿ ಎಂಟು ಮಳ ದಪ್ಪ ಐತಿ, ಕೈ ಹಚ್ಚಿ ನೋಡು.

ಅದಾ? ಅದು ಕಿಂಡಿ. ಅಲ್ಲೊಂದ ಕಡೆ ಗ್ವಾಡಿ ತೆಳ್ಳಗ. ಬಾಗಲಾ ಬಡಿಯೋರು ನಮಗ ಕಾಣತಾರ, ನಾವು ಅವರಿಗಿ ಕಾಣಂಗಿಲ್ಲ. ಹಿಂದಕ ಕಾವಲಿನವರು ಬಂದೂಕ ಹಿಡದು ಅಲ್ಲೇ ಕುಂದರತಿದ್ರಂತ. ನಾನೂ ಅವತ್ತ ಅಲ್ಲೇ ಕುಂತಿದ್ದೆ, ನೀರ ನೋಡಕೋತ. ನಿಮ್ಮವ್ವ ಸೀರಿ ಮ್ಯಾಲೆ ಕಟ್ಟಿ, ಮರಿ ಎದಿಗೆ ಅವಚಗೊಂಡು...

ಯಾಕ ಹಂಗ ನೋಡತಿ?

ಮಂದಿ ಹೇಳತಾರಲ್ಲ, ಅದನ್ನ ಅಂದೆ... ಯಾವ ಮಂದಿ ಅಂದ್ರ... ಯಾರೋ.

ನೇತ್ರಾ, ಒಂದ ಮಾತರ ಆಡವಾ. ಆರ ವರ್ಷಾತು, ನಮ್ಮ ಮನಿ ಬಾಗಲಾ ಯಾರರ ಬಡದ್ರ ನಾ ಏಳಂಗಿಲ್ಲ. ಹೆಂಡತಿನ ತೆರಿತಾಳ. ಹೊರಗ ಯಾರೂ ಇರಲಾರದಾಗೂ ನನಗ ಬಡದಂಗ ಕೇಳತೈತಿ. ಮೂರ ಸಲ, ತಡದು ಮತ್ತ ಮೂರ ಸಲ.

ಹಂಗ ಬಡದ್ಲು. 'ಸತ್ತೆಪ್ಪಣ್ಣಾ' ಅಂದ್ಲು. ಕೀಲಿ ಕೈಯಾಗ ಇತ್ತು. ತೆರದ್ರ ನೀರು ಒಳಗ ನುಗ್ಗತಿತ್ತು, ಕೂಸು ಮುದುಕರು ಇದ್ರು... ಎದಿಮಟ ನೀರಿತ್ತವಾ.

...

ಇಲ್ಲ. ಮೊಣಕಾಲಮಟ ಇತ್ತು. ಮೊಣಕಾಲಮಟನ. ಅಂಜಿದೆ. ಕೈ ಏಳಲಿಲ್ಲ.

ಆಕಿ ಬೈಲಿಲ್ಲ. 'ಇದನ್ನರ ತಗೋ ಅಣ್ಣಾ' ಅಂತ ಮರೀನ ಕಿಂಡ್ಯಾಗ ತೂರಿದ್ಲು. ಎರಡೂ ಕೈಲೆ ತಗೊಂಡೆ. ಮತ್ತ ಕಿಂಡ್ಯಾಗ ನೋಡೂದ್ರಾಗ ನೀರು ಏರಿತ್ತು, ಆಕಿ ಇರಲಿಲ್ಲ. ಒಳಗ ಮಂದಿ ಕೇಳಿದ್ರು, ಇದ್ಯಾರ ಮರಿ ಅಂತ.

ನಂದು ಅಂದೆ.