ಬೀಜದ ಟಮಾಟಿ

ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಯಲಬುರ್ಗಾ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಮುಂದೆ ಹೊಳಿಯಮ್ಮ ನಿಂತಿದ್ದಳು. ಬೀಜ ಮಾರುವ ಕಂಪನಿಗೆ ಬೀಜದ ಟಮಾಟಿ ಬೆಳೆದು ಕೊಡುವಾಕೆ. ಆ ಕಂಪನಿಯ ಏಜೆಂಟ ಕಾಶಿನಾಥ ಬಂದವನೇ ಆಕೆಯ ಟಮಾಟಿ ಚೀಲಕ್ಕೆ ಕೈ ಹಾಕಿದ.

“ಅಕ್ಕಾ, ಹಣ್ಣು ಇಲ್ಲೇ ಇಟ್ಟು ಹೋಗು. ಈ ತಳಿ ಮ್ಯಾಲಿನ ಹಕ್ಕು ಕಂಪನಿದು.”

“ಹೊಲ ನಂದು. ಒಂದೊಂದು ಹೂವು ಹಿಡಿದು ಪರಾಗ ಹಚ್ಚಿ ಕ್ರಾಸಿಂಗ್ ಮಾಡಿದ ಕೈ ನಂದು. ಮಗಳ ಮನ್ಯಾಗ ಸಾರು ಮಾಡಾಕ ಒಯ್ಯಾಕತ್ತೀನಿ.”

“ಬೀಜ ಬ್ಯಾರೆ ಕಂಪನಿಗೆ ಸಿಕ್ಕರ?”

“ಸಿಗಲಿ. ಮುಂದಿನ ಸಲ ಅವರಿಗೇ ಬೆಳೀತೀನಿ.”

“ಅವರೂ ನಿನಗ ಕೆಲಸ ಕೊಡಂಗಿಲ್ಲ. ಏಜೆಂಟರೆಲ್ಲಾ ಮಾತಾಡಿಕೊಂಡೀವಿ.”

“ಹಂಗಾದ್ರ ಬ್ಯಾರೆ ಬ್ಯಾರೆ ಬೋರ್ಡ್ ಯಾಕ ಹಾಕೀರಿ? ಎಲ್ಲಾ ಒಂದ ಅಂಗಡಿ ಅಂತ ಬರೀರಿ.”

ಸುತ್ತ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ. ಅವನ ಕೈ ಇನ್ನೂ ಚೀಲದ ಮೇಲೇ ಇತ್ತು.

“ಕೇಸ್ ಆಗತೈತಿ ಅಕ್ಕಾ, ಹೇಳೀನಿ.”

ಹೊಳಿಯಮ್ಮ ಚೀಲದಿಂದ ಒಂದು ಹಣ್ಣು ತೆಗೆದು ಕಚ್ಚಿದಳು. ರಸ ಮೊಣಕೈತನಕ ಇಳಿಯಿತು.

“ಬೀಜ ನುಂಗೀನಿ ನೋಡಪಾ. ಇದನ್ನೂ ಕೇಸಿನಾಗ ಬರಿ.”

ಬಸ್ ಬಂತು. ಚೀಲ ಕಿತ್ತುಕೊಂಡು ಹತ್ತಿದ ಆಕೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಉಳಿದ ಬೀಜ ಸಾರಿನಾಗ ಇರತಾವ, ತಮ್ಮಾ. ಹುಡುಕೂದಿದ್ರ ಊಟಕ್ಕ ಬಾ.”