ಹೊಳೆಯಲಿ ಎಂದು ಬೇಡಿದ ಚುಕ್ಕೆಗಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಡಾಕ್ಟರ್ ಗ್ರಾಸಿಯೆಲಾ ಅವರೇ, ಮೊಂತೆವಿದೆಯೊದ ಈ ಸ್ಕ್ಯಾನಿಂಗ್ ಕೇಂದ್ರದ ವಾರ್ಷಿಕೋತ್ಸವಕ್ಕೆ ಬಂದಿರುವ ಸಭಿಕರೇ, ಮೂರನೆಯ ಸಾಲಿನಲ್ಲಿ ಆಕಳಿಸುತ್ತಿರುವ ನನ್ನ ಮಗಳು ನೋಯೆಲಿಯಾಳೇ,

ರೋಗಿಗಳ ಪರವಾಗಿ ಯಂತ್ರದ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದಾರೆ. ಕಾರ್ನಿವಲ್ ತಂಡಗಳಿಗೆ ಉಡುಪು ಹೊಲಿಯುವ ಈ ಮಿರ್ತಾಳಿಗೆ ಹೊಲಿಗೆ ಯಂತ್ರ ಬಿಟ್ಟು ಬೇರೆ ಯಾವ ಯಂತ್ರ ಗೊತ್ತು? ಆದರೂ ಮೈಕು ಕೊಟ್ಟಿದ್ದೀರಿ, ಅನುಭವಿಸಿ.

ಹಳೆಯ ಸ್ತನ ಕ್ಯಾನ್ಸರು ನನ್ನ ಬೆನ್ನುಮೂಳೆಗೆ ಬಂದು ಕೂತಿತ್ತು. ಹಾರ್ಮೋನನ್ನು ಹಿಡಿದುಕೊಳ್ಳುವ ರಿಸೆಪ್ಟರು, ದರ್ಜಿಯ ಭಾಷೆಯಲ್ಲಿ ಹುಕ್ಕು, ಅದರಲ್ಲಿ ಇನ್ನೂ ಇದ್ದರೆ ದಿನಕ್ಕೊಂದು ಮಾತ್ರೆ ಸಾಕು. ಇಲ್ಲದಿದ್ದರೆ ಕೀಮೋ. ಕೂದಲು ಹೋದರೆ ಹೋಗಲಿ, ವಿಗ್ಗು ನಾನೇ ಮಾಡಿಕೊಳ್ಳುತ್ತೇನೆ. ಆದರೆ ಬೆರಳು ಮರಗಟ್ಟಬಹುದು ಎಂದರು! ಬೆರಳು ಮರಗಟ್ಟಿದ ದರ್ಜಿ ಬದುಕುವುದು ಹೇಗೆ? ಸೂಜಿ ಚುಚ್ಚಿ ಚೂರು ತೆಗೆದು ನೋಡೋಣವೆಂದರೆ, ಅದಿದ್ದದ್ದು ಬೆನ್ನುಹುರಿಯ ಪಕ್ಕದಲ್ಲೇ.

ವೇದಿಕೆಯ ಮೇಲಿರುವ ಈ ಡಾಕ್ಟರಮ್ಮ ಹೇಳಿದರು: "ಚುಚ್ಚೋದು ಬೇಡ ಮಿರ್ತಾ ಅವ್ರೇ. ಹಾರ್ಮೋನಿನ ಥರದ್ದೇ ಒಂದು ಮದ್ದು ರಕ್ತಕ್ಕೆ ಬಿಡ್ತೀವಿ. ಹುಕ್ಕು ಇದ್ರೆ ಅದಕ್ಕೆ ಸಿಕ್ಕಿಕೊಂಡು ಫೋಟೋದಲ್ಲಿ ಹೊಳೆಯತ್ತೆ."

ಸ್ಕ್ಯಾನಿನ ದಿನ ಕಾರು ಓಡಿಸಿದವನು ರುಬೆನ್, ನನ್ನ ಮಾಜಿ ಗಂಡ. ಕಾರಿಗಾಗಿ ಕರೆದೆ, ಬೇರೇನಿಲ್ಲ. ಬಸ್ಸು ಇರಲಿಲ್ಲವೇ? ಇತ್ತು. ಆ ವಿಷಯ ಬಿಡಿ.

ಪರದೆಯ ಮೇಲೆ ಚಿತ್ರ ಬಂತು. ಬೆನ್ನಿನಲ್ಲಿ ಚುಕ್ಕೆಗಳು, ಹೊಟ್ಟೆಯಲ್ಲಿ ಲಾಟೀನಿನಂಥದ್ದೊಂದು ದೊಡ್ಡ ಬೆಳಕು. ರುಬೆನ್ ಕಂಕುಳಲ್ಲಿ ಸದಾ ಇರುವ ಚಹಾದ ಬಿಸಿನೀರಿನ ಫ್ಲಾಸ್ಕು ಕೆಳಗಿಟ್ಟು ಹೋ ಎಂದು ಅತ್ತ. "ಲಿವರ್‌ಗೂ ಹಬ್ಬಿದೆ ಕಣೇ! ಆ ದ್ರಾಕ್ಷಿ ಸಾರಾಯಿ ಬಿಡು ಅಂತ ಎಷ್ಟು ಬಡ್ಕೊಂಡೆ!"

"ನೀನು ಮನೆ ಬಿಟ್ಟ ಮೇಲೇ ಕಣೋ ನಾನು ಕುಡಿಯೋಕೆ ಕಲ್ತಿದ್ದು!" ಎಂದು ನಾನೂ ಅತ್ತೆ.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ, ಸುಮ್ನಿರ್ರೀ! ಈ ಫೋಟೋದಲ್ಲಿ ಲಿವರ್ ಎಲ್ಲರದ್ದೂ ಹೊಳೆಯತ್ತೆ. ಬೆನ್ನಿನ ಚುಕ್ಕೆ ನೋಡಿ, ಒಂದೂ ಬಿಡದೆ ಹೊಳೀತಿವೆ. ಮಾತ್ರೆ ಸಾಕು!"

ತನ್ನ ಕ್ಯಾನ್ಸರು ಹೊಳೆಯಿತೆಂದು ಕುಣಿದ ಹೆಂಗಸನ್ನು ನೀವು ಎಲ್ಲಾದರೂ ನೋಡಿದ್ದೀರಾ? ಈಗ ನೋಡುತ್ತಿದ್ದೀರಿ. ಈ ವರ್ಷದ ಕಾರ್ನಿವಲ್ಲಿನ ಉಡುಪುಗಳನ್ನೂ ನಾನೇ ಹೊಲಿದಿದ್ದೇನೆ.

ರಾತ್ರಿ ಊಟದ ನಂತರ ಮಾತ್ರೆ. ನೀರಿನ ಲೋಟ ತರುವವನು ರುಬೆನ್. ನೋಯೆಲಿಯಾ, ಹಾಗೆ ಬಾಯಿ ಬಿಟ್ಟುಕೊಂಡು ನೋಡಬೇಡ. ಹೌದು, ಬೆಳಿಗ್ಗೆಯೂ ಅಲ್ಲೇ ಇರುತ್ತಾನೆ. ಹೇಳಬೇಕೆಂದೇ ಇದ್ದೆ.

ಮಾತ್ರೆ ಕೆಲಸ ಮಾಡುವಷ್ಟು ದಿನ ನೀರು ತರುತ್ತೇನೆ ಎಂದಿದ್ದಾನೆ. ಮಾತ್ರೆ ಒಂದು ದಿನ ಸೋಲಬಹುದೆಂದು ನನಗೆ ಗೊತ್ತು, ಭಯವೂ ಇದೆ. ಆದ್ದರಿಂದ ಡಾಕ್ಟರಮ್ಮ, ಬಹಳ ವರ್ಷ ಕೆಲಸ ಮಾಡುವಂತೆ ನೋಡಿಕೊಳ್ಳಿ. ಆ ಮನುಷ್ಯನನ್ನು ಬಿಟ್ಟಿರಲು ಈ ಸಲ ನನ್ನಿಂದಾಗದು.

ನನ್ನ ಬೆರಳು ಉಳಿಸಿದ ನಿಮಗೆಲ್ಲ ಕೃತಜ್ಞತೆ ಹೇಳಿ ಕೂರುತ್ತೇನೆ. ನಮಸ್ಕಾರ.